ಮರು: ಹಳೇ ಕಾರಿನ ತಪಾಸಣಾ ಹಾಳೆ: ಸವಕಳಿಯೋ, ಸವೆತವೋ? (ನಾಳೆ ಅಚ್ಚಿಗೆ)

> ಹಳೇ ಕಾರು ಕೊಂಡು ಮಾರುವವರೊಬ್ಬರಿಗೆ ತಪಾಸಣಾ ಹಾಳೆ ಕನ್ನಡದಲ್ಲಿ ಬೇಕಾಗಿದೆ. ಸವಕಳಿ, ಸಡಿಲಿಕೆ, ಸೋರಿಕೆ, ತುಕ್ಕು ಎಂದು ನಾಲ್ಕು ಕಲಂ ಹಾಕಿದ್ದೇನೆ. ಸರಿಯೇ? ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು.

ನಮಸ್ಕಾರ. ಸಮಯವಿಲ್ಲ ಅಂದಿದ್ದೀರಿ, ಮೊದಲು ಉತ್ತರ. ಸವಕಳಿ ತೆಗೆಯಿರಿ. ನಾಲ್ಕೂ ಕಲಂ ಕ್ರಿಯಾಪದಕ್ಕೆ ತಿರುಗಿಸಿ: ಸವೆದಿದೆ, ಆಡುತ್ತಿದೆ, ಜಿನುಗುತ್ತಿದೆ/ಸೋರುತ್ತಿದೆ/ತೊಟ್ಟಿಕ್ಕುತ್ತಿದೆ, ತುಕ್ಕು ಹಿಡಿದಿದೆ. ಯಾಕೆಂದು ಕೆಳಗೆ ಬರೆದಿದ್ದೇನೆ.

ಸವಕಳಿ ಕೆಟ್ಟ ಪದವಲ್ಲ. ಮಣ್ಣಿನ ಸವಕಳಿ ಎಲ್ಲರ ಬಾಯಲ್ಲೂ ಇದೆ. ಆದರೆ ದುಡ್ಡಿನ ವ್ಯವಹಾರದ ಕಾಗದದಲ್ಲಿ ಅದನ್ನು ಕಂಡರೆ, ಪಿಯುಸಿಯಲ್ಲಿ ಲೆಕ್ಕಶಾಸ್ತ್ರ ಓದಿದವರಿಗೆ ಹೊಳೆಯುವುದು ಆಸ್ತಿಯ ಬೆಲೆಯಲ್ಲಿ ವರ್ಷವರ್ಷವೂ ಕಳೆಯುವ ಮೊತ್ತ. ಇದು ನಮ್ಮ ಮನೆಯಲ್ಲೇ ಆಗಿದೆ. ನಮ್ಮ ಭಾವ ಕಾಮರ್ಸ್ ಪಾಠ ಹೇಳುವವರು. ಹನ್ನೆರಡು ವರ್ಷದ ಹಳೇ ಕಾರು ಕೊಂಡರು. ಮಾರಿದವರು ಕೊಟ್ಟ ಹಾಳೆಯಲ್ಲಿ ‘ಬ್ರೇಕ್ ಪ್ಯಾಡ್ ಸವಕಳಿ: ಶೇ 80’ ಎಂದಿತ್ತು. ಹಳೇ ಸಾಮಾನಿನ ಬೆಲೆ ಕಳೆದಿದ್ದಾರೆ ಅಂದುಕೊಂಡು ಸಹಿ ಹಾಕಿಬಿಟ್ಟರು. ಮುಂದಿನ ವಾರ ಅಕ್ಕನನ್ನೂ ಮಕ್ಕಳನ್ನೂ ಕೂರಿಸಿಕೊಂಡು ಆಗುಂಬೆ ಘಾಟಿ ಇಳಿಯುವಾಗ ಒಂದೊಂದು ತಿರುವಿಗೂ ಚಕ್ರ ಕೀರ್ ಎಂದು ಕಿರುಚಿದೆ. ಸೋಮೇಶ್ವರಕ್ಕೆ ಬಂದು ಬಿಚ್ಚಿಸಿ ನೋಡಿದರೆ ಪ್ಯಾಡಿನಲ್ಲಿ ಉಳಿದಿದ್ದು ಎರಡು ಮಿಲಿಮೀಟರ್. ಹೊಸತಾಗಿದ್ದಾಗ ಹತ್ತರ ಆಸುಪಾಸು ಇರುತ್ತದೆ, ಮೂರಕ್ಕೆ ಇಳಿದರೆ ಬದಲಾಯಿಸಬೇಕು. ‘ಸವೆದಿದೆ’ ಎಂದು ಬರೆದಿದ್ದರೆ ಭಾವ ಖಂಡಿತ ಕೇಳುತ್ತಿದ್ದರು. ಚಪ್ಪಲಿ ಸವೆಯುವುದು ಗೊತ್ತಿದ್ದವರಿಗೆಲ್ಲ ಆ ಮಾತು ತಿಳಿಯುತ್ತದೆ.

ನಾಮಪದವೇ ಬೇಕೆಂದರೆ ಸವೆತ. ಸವಕಲು ವಿಶೇಷಣ, ಸವಕಲು ಟೈರ್ ಎನ್ನಬಹುದು. ನಿನ್ನೆ ನಮ್ಮ ಈ ಮಿಂಚಂಚೆ ಪಟ್ಟಿಯಲ್ಲಿ ಒಬ್ಬರು ‘ತೇಮಾನು’ ಸೂಚಿಸಿದ್ದಾರೆ. ಬೇಡ. ತೇಯ್ದು ಹೋಗುವುದು ಎಂಬ ಮೂಲ ಚೆನ್ನಾಗಿದೆ, ಆದರೆ ಆ ಪದ ಅಕ್ಕಸಾಲಿಗರ ಅಂಗಡಿಯಲ್ಲಿ ಚಿನ್ನಕ್ಕೆ ಅಂಟಿಕೊಂಡು ಕೂತಿದೆ.

ಇನ್ನು ಸಡಿಲಿಕೆ. ಅದರ ಬದಲು ಗ್ಯಾರೇಜಿನವರಂತೆ ‘ಆಟ’, ‘ಆಡುತ್ತಿದೆ’ ಎನ್ನೋಣ ಎಂಬ ಮಾತಿಗೆ ಪಟ್ಟಿಯಲ್ಲಿ ಬಂದ ಆಕ್ಷೇಪ ಇದು:

> ‘ಆಟ’ ಇಂಗ್ಲಿಷಿನ ‘ಪ್ಲೇ’ಯ (ಬಿಡಿಭಾಗದ ಅಲುಗಾಟ) ಪಡಿಯಚ್ಚು. ಗ್ಯಾರೇಜಿನವರ ಮಾತು ಪ್ರಮಾಣವಲ್ಲ.

ಪಟ್ಟಿಯ ಹಿರಿಯರೊಬ್ಬರು ಹೀಗೆ ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದಾರೆ. ನಾನು ಒಪ್ಪಲಾರೆ. ಆಡು ಎಂದರೆ ಆಟವಾಡು ಅಷ್ಟೇ ಅಲ್ಲ. ಗಾಳಿ ಆಡುತ್ತದೆ, ಹಲ್ಲು ಅಲ್ಲಾಡುತ್ತದೆ, ಉಸಿರಾಡುತ್ತೇವೆ. 1894ರ ಕಿಟ್ಟೆಲ್ ನಿಘಂಟು ತೆಗೆದು ನೋಡಿ, ಚಲಿಸು, ಅಲುಗು ಎಂಬ ಅರ್ಥ ಅಲ್ಲೇ ಇದೆ. ಆಗಿನ್ನೂ ಈ ನಾಡಿಗೆ ಕಾರೇ ಬಂದಿರಲಿಲ್ಲ. ಪಡಿಯಚ್ಚು ಎಲ್ಲಿಂದ ಬಂತು?

ಇವತ್ತು ಬೆಳಿಗ್ಗೆ ನಮ್ಮ ಬೀದಿಯ ಮೆಕ್ಯಾನಿಕ್ ಹತ್ತಿರ ಹೋಗಿ ನಿಂತಿದ್ದೆ. ಮುಂದಿನ ಚಕ್ರವನ್ನು ಜಾಕ್ ಹಾಕಿ ಎತ್ತಿದ್ದರು. ಗಡಿಯಾರದ 9 ಮತ್ತು 3 ಬರುವ ಕಡೆ ಎರಡು ಕೈಯಿಟ್ಟು ಅಲುಗಿಸಿದರು, ಟಕ್ ಟಕ್ ಅಂತು. “ಟೈ ರಾಡ್ ಎಂಡ್ ಆಡ್ತಾ ಇದೆ ಸಾರ್.” (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳಿನ ತುದಿ ಅದು.) ಆಮೇಲೆ 12 ಮತ್ತು 6ರ ಕಡೆ ಹಿಡಿದು ಅಲುಗಿಸಿದರು, ಸದ್ದಿಲ್ಲ. “ಬೇರಿಂಗ್ ಗಟ್ಟಿ ಇದೆ.” ಸಡಿಲ ಅನ್ನಬಹುದಲ್ಲ ಅಂತ ಕೇಳಿದೆ. “ಸಡಿಲ ಅಂದ್ರೆ ನಟ್ಟು ಸಾರ್. ಅದನ್ನ ಟೈಟ್ ಮಾಡ್ಬೋದು. ಇದು ಟೈಟ್ ಮಾಡಿದ್ರೂ ಆಡುತ್ತೆ, ಬದಲಾಯಿಸ್ಲೇಬೇಕು.” ನಮ್ಮ ಪಟ್ಟಿಯಲ್ಲಿ ಮೂರು ದಿನ ಚರ್ಚೆ ಮಾಡಿಯೂ ಯಾರಿಗೂ ಹೊಳೆಯದ ವ್ಯತ್ಯಾಸ ಇದು. ನಾನು ಈ ಮಾತನ್ನೇ ಪ್ರಮಾಣ ಅನ್ನುತ್ತೇನೆ.

ಸೋರಿಕೆಗೆ ‘ಸ್ರಾವ’ ಹಾಕಿ ಎಂದವರಿಗೆ: ರಕ್ತಸ್ರಾವ ಬಿಟ್ಟರೆ ಜನಕ್ಕೆ ಬೇರೆ ಸ್ರಾವ ಗೊತ್ತಿಲ್ಲ. ಸೋರಿಕೆ ಒಂದೇ ಇದ್ದರೂ ಸಾಲದು. ಟ್ಯಾಪೆಟ್ ಕವರಿನ (ಇಂಜಿನ್ ಮೇಲಿನ ಮುಚ್ಚಳ) ಗ್ಯಾಸ್ಕೆಟ್, ಅಂದರೆ ಸಂದು ಮುಚ್ಚುವ ಪಟ್ಟಿ, ಹಳತಾದರೆ ಆಯಿಲ್ ಜಿನುಗುತ್ತದೆ, ಒದ್ದೆಯ ಮೇಲೆ ಧೂಳು ಮೆತ್ತಿ ಕಪ್ಪು ಪಟ್ಟಿಯಂತೆ ಕಾಣುತ್ತದೆ. ಅದು ಹತ್ತು ವರ್ಷದ ಯಾವ ಕಾರಿನಲ್ಲೂ ಇರುವಂಥದ್ದು. ಸೋರಿದರೆ ಹರಿದ ಜಾಡು ಕಾಣುತ್ತದೆ. ತೊಟ್ಟಿಕ್ಕುತ್ತಿದ್ದರೆ ಬೆಳಿಗ್ಗೆ ಕಾರು ತೆಗೆದ ಜಾಗದಲ್ಲಿ ನೆಲವೇ ಹೇಳುತ್ತದೆ. ಮೂರಕ್ಕೂ ರಿಪೇರಿ ಖರ್ಚು ಬೇರೆ. ಮೂರು ಪದವೂ ನಮ್ಮಲ್ಲಿವೆ, ಮೂರು ಚೌಕ ಹಾಕಿ, ಗುರುತು ಮಾಡಲಿ.

ತುಕ್ಕು ಇರಲಿ. ಹುಬ್ಬಳ್ಳಿ ಕಡೆಗೂ ಹಾಳೆ ಹೋಗುವುದಾದರೆ ಅಲ್ಲಿ ಜಂಗು ಅಂತಾರೆ, ಆದರೂ ತುಕ್ಕು ತಿಳಿಯುತ್ತದೆ. ಬ್ಯಾಟರಿ ಟರ್ಮಿನಲ್ ಮೇಲೆ ಬೆಳೆಯುವ ಬಿಳಿ-ಹಸಿರು ಪುಡಿಯನ್ನು ಮಾತ್ರ ತುಕ್ಕು ಅನ್ನಬೇಡಿ, ತುಕ್ಕು ಕಬ್ಬಿಣದ್ದು. ತಾಮ್ರದ ಚೆಂಬಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದವರೆಲ್ಲ ಬಲ್ಲ ಕಿಲುಬು ಅದಕ್ಕೆ ಹೆಚ್ಚು ಹತ್ತಿರ.

> ಶಾಕ್ ಅಬ್ಸಾರ್ಬರ್, ಕ್ಲಚ್, ಸ್ಟೆಪ್ನಿ ಎಂದೇ ಬರೆದರೆ ಕನ್ನಡದ ಹಾಳೆ ಯಾಕೆ ಬೇಕು? ‘ಅದಿರುತಡೆ’ ಎನ್ನಿ.

ಅದಿರುತಡೆ ಎಂದು ಬರೆದ ಹಾಳೆ ಹಿಡಿದು ಬಿಡಿಭಾಗದ ಅಂಗಡಿಗೆ ಹೋದವರು ಬರಿಗೈಯಲ್ಲಿ ವಾಪಸ್ ಬರುತ್ತಾರೆ. ಸ್ಟೆಪ್ನಿಯ ವಿಷಯಕ್ಕೆ ಬಂದರೆ, ಅದು ವೇಲ್ಸ್ ನಾಡಿನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯ ಹೆಸರು. 1904ರಲ್ಲಿ ಅಲ್ಲಿ ಬಿಡಿ ಚಕ್ರ ಮಾಡಲು ಶುರುಮಾಡಿದವರಿಂದ ಬಂದದ್ದು. ಇಂದಿನ ಇಂಗ್ಲಿಷರಿಗೆ ಅಂದರೆ ಅರ್ಥವೇ ಆಗುವುದಿಲ್ಲ, ನಮ್ಮ ಹಳ್ಳಿಯ ಟ್ರ್ಯಾಕ್ಟರ್ ಡ್ರೈವರಿಗೆ ಆಗುತ್ತದೆ. ಇನ್ನೂ ಅದನ್ನು ಪರದೇಶಿ ಎನ್ನುವುದು ನ್ಯಾಯವಲ್ಲ. ಬಿಡಿಭಾಗಗಳ ಹೆಸರಿಗಾಗಿ ಜಗಳವಾಡುತ್ತಾ, ಜಿನುಗು, ಆಡು, ಸವೆ, ಕಿಲುಬು ಇವನ್ನು ಹಾಳೆಯಿಂದ ನಾವೇ ಹೊರಗಿಟ್ಟರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಈ ಜಗಳ ಮುಂದುವರಿಸುವವರು ದಯವಿಟ್ಟು ಬೇರೆ ಎಳೆ ತೆರೆಯಿರಿ, ಪಾಪ, ಕೇಳಿದವರಿಗೆ ನಾಳೆ ಅಚ್ಚಿದೆ.

ಹಾಳೆಯ ಕೊನೆಯಲ್ಲಿ ವಾರಂಟಿಯ ಸಾಲು ಕೇಳಿದ್ದಿರಿ: ‘ಬಳಸಿದಂತೆ ಸವೆಯುವ ಭಾಗಗಳಿಗೆ (ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಟೈರ್, ವೈಪರ್ ರಬ್ಬರ್) ವಾರಂಟಿ ಇಲ್ಲ.’ ಸಾಕು. ಶೇಕಡಾ ಲೆಕ್ಕ ಎಲ್ಲೂ ಬೇಡ, ಶೇ 80 ಎಂದರೆ ಸವೆದದ್ದೋ ಉಳಿದದ್ದೋ ತಿಳಿಯುವುದಿಲ್ಲ. ಪ್ಯಾಡಿಗೂ ಟೈರಿನ ಗೆರೆಯ ಆಳಕ್ಕೂ ‘ಉಳಿದಿರುವುದು: ___ ಮಿ.ಮೀ.’ ಎಂದು ಜಾಗ ಬಿಡಿ. ಟೈರಿಗೆ 1.6ಕ್ಕಿಂತ ಕಡಿಮೆ ಇರಕೂಡದು, ಅದನ್ನೂ ಪಕ್ಕದಲ್ಲೇ ಅಚ್ಚು ಹಾಕಿಸಿ. ಕರಡು ಕಳಿಸಿದರೆ ರಾತ್ರಿ ಹತ್ತರವರೆಗೆ ನೋಡಿಕೊಡುತ್ತೇನೆ.