ಸಹಾಯ ಬೇಕು: ಟರ್ಬೊ ಕಾರಿನ ಹೊಸ ಫ್ಯೂಯೆಲ್ ಪಂಪ್ ಟೆಸ್ಟ್ ಮಾಡೋದು ಹೇಗೆ?

ನಮಸ್ಕಾರ, ಶಿರಸಿಯಿಂದ ಬರೆಯುತ್ತಿದ್ದೇನೆ. ನನ್ನ ಆಕ್ಟೇವಿಯಾ 1.8 ಟಿಎಸ್‌ಐಗೆ ಟ್ಯಾಂಕಿನೊಳಗಿನ ಪಂಪ್, ಹೈ ಪ್ರೆಶರ್ ಪಂಪ್ ಎರಡನ್ನೂ ದೊಡ್ಡದು ಹಾಕಿಸಿದ್ದೇನೆ. ಆದರೂ ದೇವಿಮನೆ ಘಟ್ಟದ ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ, ಲಾಗಿನಲ್ಲಿ (ಓಡುವಾಗ ದಾಖಲಾದ ಅಂಕಿಗಳಲ್ಲಿ) ರೈಲ್ ಪ್ರೆಶರ್, ಅಂದರೆ ಇಂಜೆಕ್ಟರ್‌ಗಳಿಗೆ ಹೋಗುವ ಪೆಟ್ರೋಲಿನ ಒತ್ತಡ, ಇಸಿಯು (ಎಂಜಿನ್ ಕಂಪ್ಯೂಟರ್) ಕೇಳಿದ್ದಕ್ಕಿಂತ ಕೆಳಗೆ ಜಾರುತ್ತದೆ. ಹಿಂದೆಯೇ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುವುದಿಲ್ಲ. ಹೀಗೇ ಓಡಿಸಿ ಪಿಸ್ಟನ್ ಹೋದರೆ ಈ ವರ್ಷದ ಅಡಿಕೆ ದುಡ್ಡೆಲ್ಲ ಅದಕ್ಕೇ! ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲಿಗೆ ಇಂಜೆಕ್ಟರ್ ಜಾಸ್ತಿ ಸುರಿಯಬೇಕು, ಅದು ಬೇರೆ.

ಸೋಲುತ್ತಿರುವುದು ಟ್ಯಾಂಕಿನ ಪಂಪೋ, ಹೈ ಪ್ರೆಶರ್ ಪಂಪೋ? ಟ್ಯಾಂಕಿನಿಂದ ಹೈ ಪ್ರೆಶರ್ ಪಂಪಿನ ತನಕದ ಲೋ ಪ್ರೆಶರ್ ಲೈನಿಗೆ ಗೇಜ್ ಕೂರಿಸಿ ನೋಡಿದವರು ಯಾರಾದರೂ ಇದ್ದೀರಾ? ಪಂಪಿಗೆ ಲೋಡಿನಲ್ಲಿ ವೋಲ್ಟೇಜ್ ಸರಿಯಾಗಿ ಬರುತ್ತಿದೆಯಾ ಅಂತಲೂ ಅನುಮಾನ. ಲಾರಿ ಓಡಾಡುವ ಘಟ್ಟದಲ್ಲಿ ಸುಮ್ನೆ ಮತ್ತೆ ಮತ್ತೆ ಟೆಸ್ಟ್ ಮಾಡೋಕಾಗಲ್ಲ ಅಲ್ವಾ? ಕಾರವಾರ, ಹುಬ್ಬಳ್ಳಿ ಕಡೆ ಡೈನೊ (ಕಾರನ್ನು ನಿಂತಲ್ಲೇ ರೋಲರ್ ಮೇಲೆ ಓಡಿಸಿ ನೋಡುವ ಯಂತ್ರ) ಇದ್ದರೆ ದಯವಿಟ್ಟು ತಿಳಿಸಿ. ಲಾಗ್ ಕಳಿಸುತ್ತೇನೆ.