ಕನ್ನಡ ಬರೆದ ಬಟನ್ ಮಾತ್ರ ಅಳತೆ ಮೀರುತ್ತಿದೆ, ಯಾರಾದರೂ ನೋಡಿ

ಬೆಳಗಿನ_ಬಗ್: ಎರಡು ದಿನದಿಂದ ತಲೆ ಕೆಟ್ಟಿದೆ. ವೆಬ್‌ಪುಟದಲ್ಲಿ ಚಿತ್ರ ಬಿಡಿಸುವ ಕ್ಯಾನ್ವಾಸ್‌ನ ಮೆಷರ್‌ಟೆಕ್ಸ್ಟ್‌ನಿಂದ ಪಠ್ಯದ ಅಗಲ ಅಳೆದು ಬಟನ್‌ಗೆ ಕೊಡುತ್ತಿದ್ದೇನೆ. ಇಂಗ್ಲಿಷಿನಲ್ಲಿ ಸರಿ. ಕನ್ನಡ ಹಾಕಿದರೆ ಬಲಗಡೆ ಜಾಗ ಖಾಲಿ ಬೀಳುತ್ತದೆ. ‘ಕಾರ್ಯಕ್ರಮ’ ಎಂಬಲ್ಲಂತೂ ವಿಪರೀತ. ಕೋಡ್‌ನಲ್ಲಿ ತಪ್ಪಿಲ್ಲ, ನೋಡಿದ್ದೇನೆ.

ಹಳೆ_ಕೀಲಿಮಣೆ: ಫಾಂಟ್ ಇಳಿಯುವ ಮೊದಲೇ ಅಳೆಯುತ್ತಿದ್ದೀರಿ. ಆಗ ಸಿಗುವುದು ಬದಲಿ ಫಾಂಟಿನ ಅಗಲ. ಡಾಕ್ಯುಮೆಂಟ್.ಫಾಂಟ್ಸ್.ರೆಡಿ ಬಳಸಿ ಕಾಯಿರಿ.

ಬೆಳಗಿನ_ಬಗ್: ಕಾದೆ. ಹಾಗೆಯೇ ಇದೆ.

ಹಳೆ_ಕೀಲಿಮಣೆ: ಸರಿಯಾಗಿ ಕಾದಿಲ್ಲ. ಕ್ಯಾಶ್ ಅಳಿಸಿ ನೋಡಿ. ನೂರಕ್ಕೆ ನೂರು ಫಾಂಟಿನದೇ ಕಾಟ.

ಗೆರೆಗಾರ: ಕ್ಯಾನ್ವಾಸ್ ಏಕೆ? ಪುಟದ ಮರೆಯಲ್ಲೊಂದು ಸ್ಪ್ಯಾನ್ (ಪಠ್ಯ ಹಿಡಿಯುವ ಟ್ಯಾಗ್) ಇಟ್ಟು, ಅದರ ಅಗಲ ಹೇಳುವ ಆಫ್‌ಸೆಟ್‌ವಿಡ್ತ್ ಓದಿದರೆ ಮುಗಿಯಿತು.

ಅರೆಪಿಕ್ಸೆಲ್: ಅದು ಪೂರ್ಣಾಂಕವನ್ನಷ್ಟೇ ಕೊಡುತ್ತದೆ. 84.4 ಇದ್ದದ್ದು 84 ಆಗಿ, ಕೊನೆಯ ಪದ ಕೆಳಸಾಲಿಗೆ ಜಾರುತ್ತದೆ. ದಶಮಾಂಶವನ್ನೂ ಕೊಡುವ ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್ ಬಳಸಬೇಕು.

ಗೆರೆಗಾರ: ಟ್ರಾನ್ಸ್‌ಫಾರ್ಮ್‌ನಿಂದ ಹಿಗ್ಗಿಸಿದ ಕಡೆ ಅದು ಹಿಗ್ಗಿದ ಅಗಲವನ್ನೇ ಹೇಳುತ್ತದೆ. ನನ್ನ ಮೂರು ಪರದೆಗಳಲ್ಲೂ, ಒಂದು 4ಕೆ, ಆಫ್‌ಸೆಟ್‌ವಿಡ್ತ್ ಇಂದಿನವರೆಗೆ ಕೈಕೊಟ್ಟಿಲ್ಲ.

ಅರೆಪಿಕ್ಸೆಲ್: ಪರದೆ ಎಷ್ಟಿದ್ದರೇನು, ಪೂರ್ಣಾಂಕ ಪೂರ್ಣಾಂಕವೇ.

ಒತ್ತಕ್ಷರ: ಅಳೆಯುವ ಆ ನಾಲ್ಕು ಸಾಲುಗಳನ್ನು ಇಲ್ಲಿ ಹಾಕುತ್ತೀರಾ?

ಬೆಳಗಿನ_ಬಗ್: ಹಾಕುವಂಥದ್ದೇನಿಲ್ಲ. ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ಒಂದೊಂದರ ಅಗಲವನ್ನೂ ಕೂಡುತ್ತೇನೆ. ಅಳೆದದ್ದನ್ನು ಉಳಿಸಿಟ್ಟುಕೊಂಡರೆ ವೇಗ.

ಒತ್ತಕ್ಷರ: ತಪ್ಪು ಅಲ್ಲೇ ಇದೆ. ‘ಕಾರ್ಯಕ್ರಮ’ ನಮಗೆ ನಾಲ್ಕು ಅಕ್ಷರ, ಯೂನಿಕೋಡ್‌ಗೆ (ಕಂಪ್ಯೂಟರಿನ ಅಕ್ಷರ ಸಂಕೇತಪಟ್ಟಿ) 9 ಸಂಕೇತ. ನಿಮ್ಮ ಕೋಡ್ ಬಿಡಿಸುವುದು ಆ ಸಂಕೇತಗಳನ್ನೇ. ದೀರ್ಘದ ಚಿಹ್ನೆಯನ್ನು ಒಂಟಿಯಾಗಿ ಕೊಟ್ಟರೆ ಸಾಮಾನ್ಯವಾಗಿ ಅದರ ಪಕ್ಕ ಚುಕ್ಕೆಗಳ ವೃತ್ತವೊಂದು ಮೂಡುತ್ತದೆ. ನೀವು ಆ ವೃತ್ತವನ್ನೂ ಅಳೆದು ಕೂಡಿದ್ದೀರಿ. ‘ಕ್ರ’ದಲ್ಲಿ ರಕಾರ ಒತ್ತಾಗಿ ಕೆಳಗಿಳಿಯುತ್ತದೆ, ನಿಮ್ಮ ಲೆಕ್ಕದಲ್ಲಿ ಅದು ಇಡೀ ‘ರ’. ‘ರ್ಯ’ದಲ್ಲಿ ಅದೇ ರಕಾರ ಯಕಾರದ ಬೆನ್ನಿಗೆ ಹೋಗಿ ಅರ್ಕಾವತ್ತಾಗುತ್ತದೆ. ಪಠ್ಯವನ್ನು ಬಿಡಿಸದೆ ಒಂದೇ ಸಲ ಅಳೆಯಿರಿ. ಉಳಿಸಿಡುವುದಾದರೆ ಆ ಅಗಲವನ್ನು ಉಳಿಸಿಡಿ. ಇಂಗ್ಲಿಷಿನಲ್ಲೂ ಅಕ್ಷರಜೋಡಿಗಳ ನಡುವಿನ ಅಂತರ ಹೊಂದಿಸುವ ಕರ್ನಿಂಗ್‌ನಿಂದಾಗಿ ನಿಮ್ಮ ಮೊತ್ತ ತಪ್ಪೇ, ಕಣ್ಣಿಗೆ ಬಿದ್ದಿಲ್ಲ ಅಷ್ಟೆ.

ಹಳೆ_ಕೀಲಿಮಣೆ: ಫಾಂಟ್ ಬದಲಾದರೆ ಇದೆಲ್ಲವೂ ಬದಲಾಗುತ್ತದಲ್ಲ? ನಾನು ಹೇಳಿದ್ದೂ ಅದನ್ನೇ.

ಬೆಳಗಿನ_ಬಗ್: ಒಂದೇ ಸಲ ಅಳೆದೆ, ಖಾಲಿ ಜಾಗ ಹೋಯಿತು! ಆದರೆ ಈಗ ಕೊನೆಯ ‘ಮ’ ಅರ್ಧಕ್ಕೇ ಕತ್ತರಿಸಿಹೋಗುತ್ತಿದೆ.

ಒತ್ತಕ್ಷರ: ಪುಟದ ಅಂದ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಲೆಟರ್‌ಸ್ಪೇಸಿಂಗ್ (ಅಕ್ಷರಗಳ ನಡುವೆ ಹೆಚ್ಚುವರಿ ಅಂತರ) ಕೊಟ್ಟಿದ್ದೀರಾ? ಅದು ಕ್ಯಾನ್ವಾಸ್‌ನ ಅಳತೆಗೆ ತಾನಾಗಿ ಸೇರುವುದಿಲ್ಲ.

ಬೆಳಗಿನ_ಬಗ್: 2 ಪಿಕ್ಸೆಲ್ ಕೊಟ್ಟಿದ್ದೇನೆ. ಅದನ್ನೂ ಹೇಳಬೇಕಿತ್ತೇ?