ಉರಿಯುವ ಡ್ರಾಪ್ಸ್, ಉರಿಯದ ಡ್ರಾಪ್ಸ್: ಯಾವುದಕ್ಕೆ ಹೆದರಬೇಕು?

ಪ್ರಶ್ನೆ (ಜಮಖಂಡಿ ಕಡೆಯಿಂದ): ನಮಸ್ಕಾರ ಸರ್. ಅವ್ವಗೆ ಮೋತಿಬಿಂದು (ಕಣ್ಣಿನ ಪೊರೆ) ಆಪರೇಷನ್ ಆಗಿ ವಾರ ದಾಟಿತು. ಎರಡು ಡ್ರಾಪ್ಸ್ ಕೊಟ್ಟಿದ್ದಾರೆ. ಒಂದು ಬೆಳ್ಳಗೆ ಮಬ್ಬಾಗಿದೆ, ಪ್ರೆಡ್ನಿಸೊಲೋನ್ ಅಂತ ಬರೆದಿದೆ. ಇನ್ನೊಂದು ತಿಳಿಯಾಗಿದೆ, ಕೆಟೊರೊಲ್ಯಾಕ್. ಈ ಎರಡನೆಯದು ಹಾಕಿದರೆ ಉರಿ ಅಂತ ಒದ್ದಾಡುತ್ತಾಳೆ. "ಇದು ಕಣ್ಣ ಕೆಡಸ್ತೈತಿ" ಅಂತ ನಿನ್ನೆಯಿಂದ ಹಾಕಿಸಿಕೊಳ್ಳುತ್ತಿಲ್ಲ. ಬಿಳಿಯದಕ್ಕೆ ಮಾತ್ರ ತಕರಾರಿಲ್ಲ. ಸೈಡ್ ಇಫೆಕ್ಟ್ ಯಾವುದಕ್ಕೆ ಜಾಸ್ತಿ?

ಉತ್ತರ (ಕಣ್ಣಿನ ಡಾಕ್ಟರ್, ಬಾಗಲಕೋಟೆ): ಅವ್ವಾರು ತಪ್ಪು ಬಾಟಲಿಗೆ ಬೈದಿದ್ದಾರೆ ನೋಡ್ರಿ. ಎರಡೂ ಉರಿಯೂತ ಇಳಿಸುವ ಔಷಧಿಗಳೇ. ಕೆಟೊರೊಲ್ಯಾಕ್ ಸ್ಟೀರಾಯ್ಡ್ ಅಲ್ಲ, ನೋವಿನ ಮಾತ್ರೆಗಳ ಜಾತಿಯದು. ಹಾಕಿದ ಕೂಡಲೇ ಸ್ವಲ್ಪ ಹೊತ್ತು ಉರಿಯುವುದು ಅದರ ಸ್ವಭಾವ. ಆಪರೇಷನ್ ಆದ ಮೇಲೆ ಕಣ್ಣಿನ ಹಿಂದಿನ ಪರದೆ ಊದಿಕೊಂಡು ದೃಷ್ಟಿ ಮಬ್ಬಾಗಬಾರದು ಅಂತ ಅದನ್ನು ಕೊಡುತ್ತೇವೆ. ಸಕ್ಕರೆ ಕಾಯಿಲೆ, ಸಂಧಿವಾತ, ತೀರಾ ಒಣಗುವ ಕಣ್ಣು ಇದ್ದವರಿಗೆ ಮಾತ್ರ ಹುಷಾರಾಗಿರಬೇಕು. ಅಂಥವರಲ್ಲಿ ಅಪರೂಪಕ್ಕೆ ಕಾರ್ನಿಯಾ (ಕರಿಗುಡ್ಡೆ ಮೇಲಿನ ಗಾಜಿನಂಥ ಪದರ) ತೆಳ್ಳಗಾಗಿ ಹುಣ್ಣಾಗಬಹುದು. ಆಸ್ಪಿರಿನ್ ತಗೊಂಡರೆ ದಮ್ಮು ಹೆಚ್ಚಾಗುವವರೂ ಮೊದಲೇ ಹೇಳಬೇಕು.

ಬಿಳಿಯದು ಸ್ಟೀರಾಯ್ಡ್. ಕಣ್ಣಿಗೆ ಹಿತ, ಕೆಂಪು ಬೇಗ ಇಳಿಯುತ್ತದೆ. ಆಪರೇಷನ್ ನಂತರ ಅದು ಬೇಕೇ ಬೇಕು. ಆದರೆ ಅದರ ತೊಂದರೆ ಗೊತ್ತೇ ಆಗುವುದಿಲ್ಲ. ಕೆಲವರಿಗೆ ಕೆಲವೇ ವಾರಗಳಲ್ಲಿ ಕಣ್ಣಿನ ಪ್ರೆಷರ್ ಏರುತ್ತದೆ. ಸಾಮಾನ್ಯವಾಗಿ 10ರಿಂದ 21 ಎಂಎಂ (ಪಾದರಸದ ಅಳತೆ) ಒಳಗೆ ಇರಬೇಕಾದದ್ದು ಅದನ್ನು ದಾಟಿದರೂ ನೋವಿಲ್ಲ, ಉರಿಯಿಲ್ಲ. ಹಾಗೇ ಬಿಟ್ಟರೆ ನರ ಸೊರಗಿ ಗ್ಲಾಕೋಮಾ ಆಗುತ್ತದೆ. ಹೋದ ದೃಷ್ಟಿ ಮತ್ತೆ ಬರುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಡಾಕ್ಟರಿಗೆ ತಿಳಿಸಿ. ಚೆಕಪ್‌ಗೆ ಕರೆದ ದಿನ ಹೋಗಿ. ಪ್ರೆಷರ್ ನೋಡೋದು ಅಲ್ಲೇ.

ಹಾಗಂತ ಹೆದರಿ ಬಿಳಿಯದನ್ನು ದಿಢೀರ್ ನಿಲ್ಲಿಸಬೇಡಿ. ಚೀಟಿಯಲ್ಲಿ ಬರೆದಂತೆ ದಿನಕ್ಕೆ ಇಷ್ಟು ಸಲ ಅಂತ ಇಳಿಸುತ್ತಾ ಬರಬೇಕು. ಒಮ್ಮೆಲೇ ಬಿಟ್ಟರೆ ಉರಿಯೂತ ತಿರುಗಿ ಬರುತ್ತದೆ. ಕೆಟೊರೊಲ್ಯಾಕ್ ನಿಲ್ಲಿಸಿದ್ದನ್ನು ಆಪರೇಷನ್ ಮಾಡಿದ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಹೇಳಿ. ನೋವು ಅಥವಾ ಕೆಂಪು ಹೆಚ್ಚಿದರೆ, ಕೀವು ಬಂದರೆ, ದೃಷ್ಟಿ ಇಳಿದರೆ ಫೋನಲ್ಲ, ಅದೇ ದಿನ ಹೋಗಿ.

ಪ್ರಶ್ನೆ (ಜಮಖಂಡಿಯವರೇ): ಹಾಕುವ ರೀತಿಯಲ್ಲೇ ತಪ್ಪಾಗುತ್ತಿರಬಹುದಾ ಸರ್? ನಾವು ಎರಡೆರಡು ಹನಿ, ಒಂದರ ಹಿಂದೆ ಇನ್ನೊಂದು ಹಾಕುತ್ತೇವೆ.

ಉತ್ತರ: ಕಣ್ಣಲ್ಲಿ ಒಂದು ಹನಿಗೇ ಜಾಗ ಸಾಲದು. ಎರಡನೆಯದು ಕೆನ್ನೆಗೆ ಹೋಗುತ್ತದೆ, ಸುಮ್ನೆ ದುಡ್ಡು ದಂಡ. ಬಿಳಿಯ ಬಾಟಲಿ ಚೆನ್ನಾಗಿ ಅಲುಗಾಡಿಸಿ, ಔಷಧಿ ತಳದಲ್ಲಿ ಕೂತಿರುತ್ತದೆ. ಕೆಳರೆಪ್ಪೆ ಎಳೆದು ಒಂದು ಹನಿ ಬಿಡಿ. ತುದಿ ರೆಪ್ಪೆಗೆ ತಾಗಬಾರದು. ಕಣ್ಣು ಮುಚ್ಚಿಸಿ ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಔಷಧಿ ಗಂಟಲಿಗೆ ಇಳಿಯುವುದೂ ಬಾಯಿ ಕಹಿಯಾಗುವುದೂ ಕಡಿಮೆಯಾಗುತ್ತದೆ. ಐದು ನಿಮಿಷ ಬಿಟ್ಟು ಇನ್ನೊಂದು ಬಾಟಲಿಯದು ಹಾಕಿ. ಓಪನ್ ಮಾಡಿದ ತಾರೀಖು ಬಾಟಲಿ ಮೇಲೆ ಬರೆದಿಡಿ, ತಿಂಗಳಾದರೆ ಬಿಸಾಕಿ.

ಪ್ರಶ್ನೆ (ಮುಧೋಳದಿಂದ ಇನ್ನೊಬ್ಬರು): ನಮ್ಮ ಕಾಕಾನ ಕಣ್ಣಿಗೆ ಕಬ್ಬಿನ ರವದಿ (ಒಣ ಗರಿ) ಬಡಿದು ಕೆಂಪಾಗಿದೆ. ಮನೆಯಲ್ಲಿ ಇಂಥದ್ದೇ ಬಿಳಿ ಡ್ರಾಪ್ಸ್ ಉಳಿದಿದೆ. ಹಾಕಬಹುದಾ?

ಉತ್ತರ: ಬೇಡ. ಒಂದು ಹನಿಯೂ ಬೇಡ. ರವದಿ, ಜೋಳದ ಗರಿ, ಮುಳ್ಳು ಬಡಿದ ಕಣ್ಣಿಗೆ ಫಂಗಸ್ ಹತ್ತಬಹುದು. ಸ್ಟೀರಾಯ್ಡ್ ಬಿದ್ದರೆ ಕಣ್ಣಿನ ತಡೆಯುವ ಶಕ್ತಿ ಕುಗ್ಗಿ ಫಂಗಸ್ ಒಳಗೆ ಇಳಿಯುತ್ತದೆ. ಮೊದಲೆರಡು ದಿನ ಕೆಂಪು ಇಳಿದು "ಆರಾಮಾತು" ಅನ್ನಿಸುತ್ತದೆ. ಆಮೇಲೆ ಕರಿಗುಡ್ಡೆ ಮೇಲೆ ಬಿಳಿ ಕಲೆ ಕಂಡಾಗ ಓಡಿ ಬರುತ್ತಾರೆ. ಕಬ್ಬು ಕಡಿಯುವ ಸುಗ್ಗಿಯಲ್ಲಿ ಈ ಮಾತು ಹೇಳಿ ಹೇಳಿ ನನಗೆ ಸಾಕಾಗಿದೆ. ಹರ್ಪೀಸ್ ವೈರಸ್ ಹುಣ್ಣಿದ್ದರೂ ಹೀಗೇ ಕೆಡುತ್ತದೆ. ಕಾಕಾನನ್ನು ಇವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಕರೆದೊಯ್ಯಿರಿ. ಉಜ್ಜಬಾರದು, ಪಟ್ಟಿ ಕಟ್ಟಬಾರದು, ಜೇನು, ಎಣ್ಣೆ, ಎದೆಹಾಲು ಏನೂ ಬಿಡಬಾರದು.

ಪ್ರಶ್ನೆ (ವಿಜಯಪುರ): ಸರ್, ಮಗನಿಗೆ ಪ್ರತಿ ಬೇಸಿಗೆ ಕಣ್ಣು ತುರಿಕೆ. ಮೆಡಿಕಲ್‌ನವರು ಕೊಡುವ ಡ್ರಾಪ್ಸ್ ಹಾಕಿದರೆ ಬೇಗ ಕಡಿಮೆಯಾಗುತ್ತದೆ. ವರ್ಷಾ ವರ್ಷಾ ಅದನ್ನೇ ತರುತ್ತೇವೆ. ನಡೆಯುತ್ತಾ?

ಉತ್ತರ: ಬಾಕ್ಸ್ ತಿರುಗಿಸಿ ಹೆಸರು ಓದಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಫ್ಲೋರೊಮೆಥೊಲೋನ್, ಲೋಟೆಪ್ರೆಡ್ನಾಲ್ ಇವುಗಳಲ್ಲಿ ಒಂದಿದ್ದರೆ ಅದು ಸ್ಟೀರಾಯ್ಡ್. ಆಂಟಿಬಯೋಟಿಕ್ ಜೊತೆ ಬೆರೆಸಿಯೂ ಮಾರುತ್ತಾರೆ. ಮಕ್ಕಳಲ್ಲಿ ಪ್ರೆಷರ್ ಬೇಗ ಏರಬಹುದು, ತುಂಬಾ ದಿನ ಹಾಕಿದರೆ ಚಿಕ್ಕ ವಯಸ್ಸಿಗೇ ಪೊರೆ ಬರಬಹುದು. ಮಗ ತಾನಾಗೇ ಹೇಳುವುದಾದರೂ ಹೇಗೆ, ಅವನಿಗೇನೂ ಗೊತ್ತಾಗುವುದಿಲ್ಲ ಅಲ್ವಾ? ಒಮ್ಮೆ ಪ್ರೆಷರ್ ನೋಡಿಸಿ. ಹೆಚ್ಚಿನ ಮಕ್ಕಳಿಗೆ ಓಲೋಪಟಾಡೀನ್‌ನಂಥ ಅಲರ್ಜಿ ಡ್ರಾಪ್ಸ್ ಸಾಕಾಗುತ್ತದೆ. ಜೊತೆಗೆ ತಣ್ಣೀರ ಬಟ್ಟೆ ಇಡಿ, ಉಜ್ಜಲು ಬಿಡಬೇಡಿ. ತುರಿಕೆ ಜೋರಿದ್ದಾಗ ನಾವೂ ಸ್ಟೀರಾಯ್ಡ್ ಬರೆಯುತ್ತೇವೆ, ಕೆಲವೇ ದಿನಕ್ಕೆ, ಮತ್ತೆ ಬಂದು ತೋರಿಸಿ ಅಂತ ಹೇಳಿ. ಹಳೇ ಚೀಟಿ ತೋರಿಸಿ ಮತ್ತೆ ಮತ್ತೆ ತರಬೇಡಿ.